ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳು: ದರ್ಶನದಿಂದ ಅಧ್ಯಯನದವರೆಗೆ

ಬಸದಿಯೊಂದರ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವವು ಒದಗಿ ಬಂದಾಗ ಶ್ರಾವಕ ಸಮುದಾಯದ ಹಿರಿಯರ ಮಾತು ಸಹಜವಾಗಿಯೇ ಗತವೈಭವದ ಕಡೆಗೆ ತಿರುಗುತ್ತದೆ. ಗಂಗರ ಆಶ್ರಯ, ರಾಷ್ಟ್ರಕೂಟರ ಕಾಲದ ವಿದ್ವತ್ತು, ಚಾವುಂಡರಾಯನ ಔದಾರ್ಯ, ಅತ್ತಿಮಬ್ಬೆಯ ದಾನ, ತುಳುನಾಡಿನ ಶ್ರೇಷ್ಠಿಗಳ ಸಿರಿ ಇವೆಲ್ಲವೂ ಒಂದರ ಹಿಂದೊಂದು ಸ್ಮರಣೆಗೆ ಬರುತ್ತವೆ. ಕೊನೆಗೆ "ಆ ಕಾಲ ಹೋಯಿತು" ಎಂಬ ನಿಟ್ಟುಸಿರಿನೊಡನೆ ಮಾತು ನಿಲ್ಲುತ್ತದೆ. ಹಿಂದಿನದನ್ನು ಕುರಿತ ಈ ಹಂಬಲವು ನಿಂದ್ಯವಾದುದಲ್ಲ. ಪೂರ್ವಿಕರನ್ನು ಮರೆತ ಸಮಾಜವು ಬೇರು ಕಡಿದ ಮರದಂತೆ ಬಹುಕಾಲ ನಿಲ್ಲಲಾರದು. ಆದರೆ ನೆನೆದ ಮಾತ್ರದಿಂದಲೇ ಹಿಂದಿನದು ಉಳಿದು ಬರುತ್ತದೆಯೇ? ಪೂಜ್ಯವೆಂದು ಪೆಟ್ಟಿಗೆಯಲ್ಲಿಟ್ಟು ಕೈಮುಗಿದರೆ ಸಾಕೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲ, ಜಯಧವಲ, ಮಹಾಧವಲ ಎಂಬ ಸಿದ್ಧಾಂತ ಗ್ರಂಥಗಳ ಚರಿತ್ರೆಯೇ ಅದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ.

ಶ್ರುತಾವತಾರ

ಭಗವಾನ್ ಮಹಾವೀರ ಸ್ವಾಮಿಯ ದಿವ್ಯಧ್ವನಿಯಿಂದ ಹೊರಟ ಶ್ರುತವು ಮೊದಲು ಗುರುಮುಖದಿಂದ ಶಿಷ್ಯನ ಕಿವಿಗೆ, ಅವನ ಸ್ಮೃತಿಯಿಂದ ಮುಂದಿನವರಿಗೆ ಎಂಬಂತೆ ಸಾಗಿ ಬಂದುದು. ಕಾಲದೋಷದಿಂದ ಸ್ಮೃತಿ ಕುಂದುತ್ತ ಬಂದು, ವೀರನಿರ್ವಾಣದ ಅನಂತರ 683 ವರ್ಷಗಳಷ್ಟರಲ್ಲಿ ಅಂಗಜ್ಞಾನದ ಪರಂಪರೆಯು ಕ್ಷೀಣಿಸಿತೆಂದು ದಿಗಂಬರ ಸಂಪ್ರದಾಯವು ಹೇಳುತ್ತದೆ. ಆಗ ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮಲ್ಲಿ ಉಳಿದಿದ್ದ ಜ್ಞಾನವು ತಮ್ಮೊಡನೆಯೇ ಅಳಿದುಹೋದೀತೆಂಬ ಭಯದಿಂದ ದಕ್ಷಿಣಾಪಥದ ಮುನಿಸಂಘಕ್ಕೆ ಲೇಖನವನ್ನು ಕಳುಹಿಸಿದರು. ಸಂಘವು ಇಬ್ಬರು ಸಮರ್ಥ ಮುನಿಗಳನ್ನು ಕಳುಹಿಸಿತು. ಅವರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು.

ಧರಸೇನರು ಅವರನ್ನು ಪರೀಕ್ಷಿಸಿದ ಕಥೆ ಗಮನಾರ್ಹವಾದುದು. ಸಾಧನೆಗೆಂದು ಒಬ್ಬರಿಗೆ ಒಂದು ಅಕ್ಷರ ಹೆಚ್ಚಾಗಿದ್ದ ಮಂತ್ರವನ್ನೂ ಇನ್ನೊಬ್ಬರಿಗೆ ಒಂದು ಅಕ್ಷರ ಕಡಿಮೆಯಾಗಿದ್ದ ಮಂತ್ರವನ್ನೂ ಅವರು ಕೊಟ್ಟರಂತೆ. ಮಂತ್ರ ಸಿದ್ಧಿಸಿದಾಗ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಮುಂದಕ್ಕೆ ಚಾಚಿದ್ದಿತು, ಇನ್ನೊಬ್ಬಳಿಗೆ ಒಂದೇ ಕಣ್ಣಿದ್ದಿತು. ದೇವತೆಗಳ ರೂಪ ವಿಕೃತವಾಗಿರಲಾರದೆಂದು ಅರಿತ ಮುನಿಗಳು, ದೋಷವಿರುವುದು ಮಂತ್ರದ ಪಾಠದಲ್ಲಿಯೇ ಎಂದು ತಿಳಿದು, ತಾವೇ ಅಕ್ಷರಗಳನ್ನು ತಿದ್ದಿ ಜಪಿಸಲು ದೇವತೆಗಳು ನಿಜರೂಪದಿಂದ ಗೋಚರಿಸಿದರು. ಆಗ ಗುರುಗಳು ಸಂತುಷ್ಟರಾಗಿ ಸಿದ್ಧಾಂತವನ್ನು ಉಪದೇಶಿಸಿದರು. ಪರಂಪರೆಯನ್ನು ಪಡೆಯುವವನಿಗೆ ಭಕ್ತಿಯೊಂದೇ ಸಾಲದು, ಬಂದ ಪಾಠದಲ್ಲಿ ಹೆಚ್ಚಾದುದನ್ನೂ ಕಡಿಮೆಯಾದುದನ್ನೂ ಗುರುತಿಸುವ ವಿವೇಕವೂ ಇರಬೇಕೆಂಬುದು ಈ ಕಥೆಯ ತಾತ್ಪರ್ಯ.

ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ನಾಡಿಗೆ ಬಂದು ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಜಿನಪಾಲಿತನ ಕೈಯಲ್ಲಿ ಭೂತಬಲಿಗಳಿಗೆ ಕಳುಹಿಸಿದರು. ಭೂತಬಲಿಗಳು ಉಳಿದ ಭಾಗವನ್ನು ಪೂರ್ಣಗೊಳಿಸಿದರು. ಹೀಗೆ ಷಟ್ಖಂಡಾಗಮವು ಸಿದ್ಧವಾಯಿತು. ಅದು ಪುಸ್ತಕಾರೂಢವಾಗಿ ಚತುರ್ವಿಧ ಸಂಘದಿಂದ ಪೂಜೆಗೊಂಡ ಜ್ಯೇಷ್ಠ ಶುದ್ಧ ಪಂಚಮಿಯೇ ಇಂದಿಗೂ ಆಚರಣೆಯಲ್ಲಿರುವ ಶ್ರುತಪಂಚಮಿ. ಕಿವಿಯಿಂದ ಕಿವಿಗೆ ಬಂದ ಜ್ಞಾನವು ಓಲೆಗೆ ಇಳಿದ ದಿನವನ್ನು ಹಬ್ಬವಾಗಿ ಆಚರಿಸುವ ಸಮಾಜವು ಬರಹದ ಬೆಲೆಯನ್ನು ಎಂದೋ ಅರಿತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಓಲೆಗೆ ದಾನವಿತ್ತ ಮಹಿಳೆಯರು

ಷಟ್ಖಂಡಾಗಮದ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ರಚಿಸಿದ ಟೀಕೆಯೇ ಧವಲ. ಅದರ ಪ್ರಮಾಣ 72,000 ಶ್ಲೋಕಗಳಷ್ಟು. ಅದು ಕ್ರಿ.ಶ. 816ರಲ್ಲಿ ಮುಗಿಯಿತೆಂದು ವಿದ್ವಾಂಸರು ಗಣಿಸಿದ್ದಾರೆ. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ವೀರಸೇನರು ಆರಂಭಿಸಿದ ಟೀಕೆ ಜಯಧವಲ. 20,000 ಶ್ಲೋಕಗಳಷ್ಟು ಬರೆದ ಮೇಲೆ ಅವರು ದಿವಂಗತರಾಗಲು, ಶಿಷ್ಯರಾದ ಜಿನಸೇನಾಚಾರ್ಯರು ಇನ್ನೂ 40,000 ಶ್ಲೋಕಗಳಷ್ಟನ್ನು ಬರೆದು, ಅಮೋಘವರ್ಷನ ಆಳ್ವಿಕೆಯ ಕಾಲದಲ್ಲಿ, 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವು ಭೂತಬಲಿಗಳ ವಿಸ್ತಾರವಾದ ರಚನೆ. ಅದೇ ಮಹಾಧವಲವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಗ್ರಂಥವನ್ನು ಬರೆದವರು ಮುನಿಗಳು. ಅದನ್ನು ಉಳಿಸಿದವರು ಗೃಹಸ್ಥರು, ವಿಶೇಷವಾಗಿ ಸ್ತ್ರೀಯರು. ಓಲೆಯ ಆಯುಷ್ಯ ಪರಿಮಿತವಾದುದು. ಗೆದ್ದಲು, ತೇವ, ಬೆಂಕಿ ಇವುಗಳಿಂದ ತಪ್ಪಿಸಿಕೊಂಡರೂ ಕೆಲವು ಶತಮಾನಗಳಲ್ಲಿ ಅದು ಮುರಿದು ಹುಡಿಯಾಗುತ್ತದೆ. ಆದುದರಿಂದ ಆಗಾಗ ಹೊಸ ಪ್ರತಿ ಮಾಡಿಸುವುದನ್ನು ನಮ್ಮವರು ಶಾಸ್ತ್ರದಾನವೆಂದು ಕರೆದು ವ್ರತಗಳಿಗೆ ಜೋಡಿಸಿದರು. ಧವಲದ ಪ್ರತಿಯೊಂದನ್ನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ದೇಮಿಯಕ್ಕನೆಂಬ ಶ್ರಾವಕಿಯು ಶ್ರುತಪಂಚಮಿ ನೋಂಪಿಯ ಉದ್ಯಾಪನೆಯ ನಿಮಿತ್ತ ಬರೆಯಿಸಿ, ಬನ್ನಿಯಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಇಂತಹುದೇ ಪಂಚಮಿ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಆಚಾರ್ಯರಿಗೆ ಕೊಟ್ಟಳು. ಇವರಿಗೂ ಹಿಂದೆ, ಹತ್ತನೆಯ ಶತಮಾನದ ಕೊನೆಯಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ 1,000 ಪ್ರತಿಗಳನ್ನು ಮಾಡಿಸಿ ಹಂಚಿದುದು ಸುವಿದಿತವಾಗಿದೆ. ಲಕ್ಕುಂಡಿಯಲ್ಲಿ ಶಿಲೆಯ ಬಸದಿಯನ್ನು ಕಟ್ಟಿಸಿದ ಆ ಮಹಾತಾಯಿಯು ಓಲೆಯ ಬಸದಿಗಳನ್ನೂ ಕಟ್ಟಿಸಿದಳೆಂದರೆ ತಪ್ಪಾಗಲಾರದು.

ಸಿದ್ಧಾಂತ ದರ್ಶನ

ಘಟ್ಟದ ಮೇಲಿನ ನಾಡಿನಲ್ಲಿ ಲಿಖಿತವಾದ ಈ ಪ್ರತಿಗಳು ಕಾಲಾಂತರದಲ್ಲಿ ಘಟ್ಟದ ಕೆಳಗಿನ ಮೂಡಬಿದಿರೆಯನ್ನು ಸೇರಿದವು. ಜೈನಕಾಶಿಯೆಂದು ಖ್ಯಾತವಾದ ಈ ಊರಿನಲ್ಲಿ ಹದಿನೆಂಟು ಬಸದಿಗಳಿವೆ. ವಿಕ್ರಮಶೆಟ್ಟಿ ಬಸದಿ, ಕೋಟಿಶೆಟ್ಟಿ ಬಸದಿ, ಮಹಾದೇವಶೆಟ್ಟಿ ಬಸದಿ, ಚೋಳಶೆಟ್ಟಿ ಬಸದಿ ಎಂಬ ಹೆಸರುಗಳೇ ವ್ಯಾಪಾರದಿಂದ ಬಂದ ಸಂಪತ್ತು ಎಲ್ಲಿ ವಿನಿಯೋಗವಾಯಿತೆಂಬುದನ್ನು ಸಾರುತ್ತವೆ. 1430ರಲ್ಲಿ ಆರಂಭವಾದ ತ್ರಿಭುವನತಿಲಕ ಚೂಡಾಮಣಿ ಬಸದಿಯು ಸಾವಿರ ಕಂಬದ ಬಸದಿಯೆಂದು ಲೋಕಪ್ರಸಿದ್ಧವಾಗಿದೆ. ಆದರೆ ಎಲ್ಲಕ್ಕೂ ಪ್ರಾಚೀನವೆನಿಸಿದ ಗುರು ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದು ಅದರ ಗೋಡೆಗಳಿಂದಲ್ಲ, ಅದರೊಳಗೆ ಸುರಕ್ಷಿತವಾಗಿದ್ದ ಓಲೆಗಳಿಂದ.

ಸಮುದ್ರದ ತೇವಗಾಳಿಯೂ ತಿಂಗಳುಗಟ್ಟಲೆ ಮಳೆಯೂ ಇರುವ ಆ ನಾಡಿನಲ್ಲಿ ತಾಳೆಯೋಲೆಯನ್ನು ಶತಮಾನಗಳ ಕಾಲ ಕಾಪಾಡುವುದು ಸಾಮಾನ್ಯ ಕೆಲಸವಲ್ಲ. ಭಟ್ಟಾರಕ ಪರಂಪರೆಯೂ ಊರಿನ ಶ್ರಾವಕರೂ ಅದನ್ನು ನಿಷ್ಠೆಯಿಂದ ಮಾಡಿದರು. ರಾಜ್ಯಗಳು ಬಂದು ಹೋದರೂ, ಸಿರಿತನ ಕುಗ್ಗಿದರೂ, ಪೆಟ್ಟಿಗೆಯ ಬೀಗ ತಪ್ಪಲಿಲ್ಲ. ದೂರದ ನಾಡುಗಳಿಂದ ಬಂದ ಯಾತ್ರಿಕರಿಗೆ ನವರತ್ನಗಳ ಜಿನಬಿಂಬಗಳನ್ನು ತೋರಿಸುವಂತೆಯೇ ಈ ಓಲೆಗಳನ್ನೂ ತೋರಿಸುತ್ತಿದ್ದರು. ಅದಕ್ಕೆ ಸಿದ್ಧಾಂತ ದರ್ಶನವೆಂದು ಹೆಸರು. ಯಾತ್ರಿಕರು ಕಾಣಿಕೆಯನ್ನಿತ್ತು, ಕಣ್ಣಿಗೊತ್ತಿಕೊಂಡು, ಜನ್ಮ ಸಾರ್ಥಕವಾಯಿತೆಂದು ಹಿಂದಿರುಗುತ್ತಿದ್ದರು. ಆದರೆ ಆ ಹಳೆಗನ್ನಡ ಲಿಪಿಯನ್ನು ಬಿಡಿಸಿ, ಅದರೊಳಗಿನ ಪ್ರಾಕೃತವನ್ನು ಅರ್ಥಮಾಡಿಕೊಳ್ಳಬಲ್ಲವರು ವಿರಳರಾಗುತ್ತ ಬಂದರು. ದರ್ಶನ ಉಳಿಯಿತು, ಅಧ್ಯಯನ ನಿಂತುಹೋಯಿತು. ಬಂಡವಾಳ ಭದ್ರವಾಗಿಯೇ ಇದ್ದಿತು, ಅದರಿಂದ ವ್ಯವಹಾರ ಮಾತ್ರ ನಡೆಯುತ್ತಿರಲಿಲ್ಲ.

ಒಬ್ಬ ಜವಾಹಿರ ವ್ಯಾಪಾರಿಯ ಪ್ರಶ್ನೆ

1883ರ ಸುಮಾರಿಗೆ ಮುಂಬಯಿಯ ಪ್ರಸಿದ್ಧ ಜವಾಹಿರ ವ್ಯಾಪಾರಿಗಳಾದ ಸೇಠ್ ಮಾಣಿಕಚಂದರು ಯಾತ್ರಾರ್ಥವಾಗಿ ಮೂಡಬಿದಿರೆಗೆ ಬಂದರು. ಮುಂದೆ ಧವಲವನ್ನು ಸಂಪಾದಿಸಿದ ಡಾ. ಹೀರಾಲಾಲ ಜೈನರು ಈ ವೃತ್ತಾಂತವನ್ನು ಮೊದಲ ಸಂಪುಟದ ಪ್ರಸ್ತಾವನೆಯಲ್ಲಿ ವಿವರವಾಗಿ ದಾಖಲಿಸಿದ್ದಾರೆ. ರತ್ನದ ಬಿಂಬಗಳ ಬೆಲೆಯನ್ನು ಒಂದೇ ನೋಟದಲ್ಲಿ ಅಳೆಯಬಲ್ಲ ಆ ಸೇಠರ ಕಣ್ಣು ರತ್ನಗಳಿಗಿಂತ ಹೆಚ್ಚಾಗಿ ಜೀರ್ಣವಾಗುತ್ತಿದ್ದ ಓಲೆಗಳ ಮೇಲೆ ನಿಂತಿತು. ಇವನ್ನು ಯಾರಾದರೂ ಓದುತ್ತಾರೆಯೇ ಎಂದು ಅವರು ಕೇಳಿದರು. ದರ್ಶನ ಪೂಜೆಗಳಿಂದಲೇ ತಾವು ಕೃತಾರ್ಥರೆಂದೂ, ಓದಬಲ್ಲವರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೆಂದೂ ಉತ್ತರ ಬಂದಿತು.

ಸೇಠರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರು. ಅವರ ಪ್ರೇರಣೆಯಿಂದ ಮರುವರ್ಷ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡಬಿದಿರೆಗೆ ಬಂದರು. ಶಾಸ್ತ್ರಿಗಳು ಓಲೆಯನ್ನು ಕೈಗೆತ್ತಿಕೊಂಡು ಮಂಗಳಾಚರಣೆಯನ್ನು ಓದಿ ಅರ್ಥ ಹೇಳಿದಾಗ ನೆರೆದವರೆಲ್ಲರೂ ಆನಂದಭರಿತರಾದರು. ಅದುವರೆಗೆ ಕಣ್ಣಿಗೆ ಮಾತ್ರ ಕಂಡಿದ್ದ ಸಿದ್ಧಾಂತವು ಅಂದು ಕಿವಿಗೂ ಕೇಳಿಸಿತು.

ಆದರೂ ಪ್ರತಿ ಮಾಡಿಸುವ ಕಾರ್ಯಕ್ಕೆ ಮತ್ತೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಡುವೆ ಅಜ್ಮೀರದ ಶ್ರೀಮಂತರೊಬ್ಬರು ಪ್ರತಿಯನ್ನು ತಮ್ಮ ಊರಿಗೆ ಒಯ್ಯುವ ಇಚ್ಛೆಯಿಂದ ಪ್ರಯತ್ನಿಸಿದರು. ಗ್ರಂಥವು ಊರಿನಿಂದ ಹೊರಗೆ ಹೋಗಕೂಡದೆಂದು ಇಲ್ಲಿಯವರು ಪಟ್ಟು ಹಿಡಿದುದರಿಂದ ಆ ಕೆಲಸ ಆರಂಭದಲ್ಲಿಯೇ ನಿಂತಿತು. ಕೊನೆಗೆ 1895ರ ಸುಮಾರಿಗೆ ಮಾಣಿಕಚಂದರೂ ಹೀರಾಚಂದರೂ ನೂರು ನೂರು ರೂಪಾಯಿಗಳ ಪಾಲುಗಳಂತೆ ಸಮಾಜದಿಂದ ಸುಮಾರು 14,000 ರೂಪಾಯಿಗಳನ್ನು ಕೂಡಿಸಿದರು. ಪ್ರತಿಯೂ ಮೂಡಬಿದಿರೆಯಲ್ಲಿಯೇ ಇರತಕ್ಕದ್ದೆಂಬ ಕಟ್ಟಳೆಗೆ ಒಪ್ಪಿಕೊಂಡ ಮೇಲೆ 1896ರಲ್ಲಿ ಲೇಖನಕಾರ್ಯ ಆರಂಭವಾಯಿತು.

ಇಪ್ಪತ್ತಾರು ವರ್ಷಗಳ ಲೇಖನ

ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜಿನ ಗಜಪತಿ ಶಾಸ್ತ್ರಿಗಳು ಹಳೆಗನ್ನಡ ಲಿಪಿಯ ಓಲೆಗಳಿಂದ ದೇವನಾಗರಿಗೆ ಪ್ರತಿ ಮಾಡತೊಡಗಿದರು. ಕೆಲಸ ಸ್ವಲ್ಪ ದೂರ ಸಾಗುವಷ್ಟರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳು ಸ್ವರ್ಗಸ್ಥರಾದರು. ಗಜಪತಿ ಶಾಸ್ತ್ರಿಗಳು ಒಬ್ಬರೇ ಸುಮಾರು ಹದಿನಾರು ವರ್ಷ ದುಡಿದು ಧವಲ, ಜಯಧವಲಗಳನ್ನು ಮುಗಿಸಿದರು. ಇದೇ ಕಾಲದಲ್ಲಿ ಊರಿನವರೇ ಆದ ದೇವರಾಜ ಶೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಇವರು ಹೊಸಗನ್ನಡ ಲಿಪಿಯಲ್ಲಿ ಪ್ರತಿ ಮಾಡಿದರು. ಮಹಾಬಂಧವನ್ನು ಪಂಡಿತ ಲೋಕನಾಥ ಶಾಸ್ತ್ರಿಗಳು 1918ರಿಂದ 1922ರವರೆಗೆ ನಾಗರಿಯಲ್ಲಿ ಬರೆದರು. ಹೀಗೆ 26 ವರ್ಷಗಳ ಅವಧಿಯಲ್ಲಿ, ಸುಮಾರು 20,000 ರೂಪಾಯಿಗಳ ವೆಚ್ಚದಲ್ಲಿ, ಮೂರು ಗ್ರಂಥಗಳ ಪ್ರತಿಗಳು ಸಿದ್ಧವಾದವು. ಅಷ್ಟರಲ್ಲಿಯೇ ಮಹಾಬಂಧದ ಕೆಲವು ಓಲೆಗಳು ನಷ್ಟವಾಗಿ ಅಲ್ಲಲ್ಲಿ ಪಾಠವು ತ್ರುಟಿತವಾಗಿದ್ದಿತು. ಕಾರ್ಯವು ಇನ್ನೊಂದು ತಲೆಮಾರು ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಲೂ ಮನಸ್ಸು ಅಂಜುತ್ತದೆ.

ಇಲ್ಲಿ ಈ ಚರಿತ್ರೆಯ ಅತ್ಯಂತ ಕಠಿಣವಾದ ಘಟನೆಯೊಂದನ್ನು ಹೇಳಬೇಕಾಗಿದೆ. ಗಜಪತಿ ಶಾಸ್ತ್ರಿಗಳು ಹಗಲಿನಲ್ಲಿ ಮಠಕ್ಕಾಗಿ ಬರೆಯುತ್ತಿದ್ದುದರ ಜೊತೆಗೆ, ವಿದುಷಿಯಾಗಿದ್ದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮನೆಯಲ್ಲಿ ಸಿದ್ಧಪಡಿಸಿಕೊಂಡರು. ಅದನ್ನು ಅವರು ಮೊದಲು ತಂದೊಪ್ಪಿಸಲು ಹೋದುದು ಮಾಣಿಕಚಂದ ಮತ್ತು ಹೀರಾಚಂದರ ಬಳಿಗೆ. ಗ್ರಂಥವು ಲೋಕಕ್ಕೆ ತಿಳಿಯಬೇಕೆಂದು ಅಷ್ಟು ವರ್ಷ ಹಂಬಲಿಸಿ ಹಣ ಕೂಡಿಸಿದ್ದ ಆ ಇಬ್ಬರೂ, ಕಟ್ಟಳೆಯನ್ನು ಮೀರಿ ಬಂದ ಪ್ರತಿಯನ್ನು ಸ್ವೀಕರಿಸುವುದು ನೀತಿಯಲ್ಲವೆಂದು ಕೈಚಾಚಲಿಲ್ಲ. ತಾವು ಬಹುಕಾಲದಿಂದ ಅರಸುತ್ತಿದ್ದ ಸರಕು ಮನೆಯ ಬಾಗಿಲಿಗೇ ಬಂದಾಗಲೂ, ಕೊಟ್ಟ ಮಾತಿಗಾಗಿ ಅದನ್ನು ಬಿಟ್ಟುಕೊಟ್ಟ ಈ ವ್ಯಾಪಾರಿಗಳ ನಡತೆ ಸ್ಮರಣೀಯವಾದುದು. ಶಾಸ್ತ್ರಿಗಳು ಉತ್ತರಕ್ಕೆ ಹೋದರು. ಸಹಾರನಪುರದ ಲಾಲಾ ಜಂಬೂಪ್ರಸಾದರು ಪ್ರತಿಯನ್ನು ಪಡೆದು ತಮ್ಮ ಮಂದಿರದಲ್ಲಿಟ್ಟರು. ಅಲ್ಲಿ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿಗಳಿಂದ ನಾಗರಿ ಪ್ರತಿಯಾಯಿತು. ಸೀತಾರಾಮ ಶಾಸ್ತ್ರಿಗಳೂ ತಮಗಾಗಿ ಒಂದು ಪ್ರತಿಯನ್ನು ಇಟ್ಟುಕೊಂಡರು. ಅದರಿಂದ ಹೊರಟ ಪ್ರತಿಗಳು ಉತ್ತರ ಭಾರತದ ಅನೇಕ ಭಂಡಾರಗಳನ್ನು ಸೇರಿದವು.

ಮೂಡಬಿದಿರೆಯವರ ಮನಸ್ಸು ಇದರಿಂದ ನೊಂದುದು ಸಹಜ. ನಂಬಿಕೆಗೆ ಭಂಗ ಬಂದುದನ್ನು ಸಮರ್ಥಿಸಲಾಗದು. ಆದರೆ ಮುದ್ರಣದ ಕಾಲ ಬಂದಾಗ ಸಂಪಾದಕರ ಕೈಯಲ್ಲಿದ್ದುದು ಹೀಗೆ ಹೊರಗೆ ಹೋದ ಪ್ರತಿಗಳ ಸಂತತಿಯೇ ಎಂಬುದೂ ಸತ್ಯ. ಬಾಗಿಲನ್ನು ತೆರೆಯಬೇಕಾದ ಕಾಲದಲ್ಲಿ ತೆರೆಯದಿದ್ದರೆ ವಸ್ತುವು ಕಿಟಕಿಯಿಂದ ಹೊರಗೆ ಹೋಗುತ್ತದೆ. ಹೋದ ತಪ್ಪು ಒಬ್ಬರದಾದರೆ, ತಡಮಾಡಿದ ಹೊಣೆ ಸಮಾಜದ ಎಲ್ಲರದೂ ಹೌದು.

ಮುದ್ರಣ ಮತ್ತು ಒಂದು ಪದ

ವಿದಿಶಾ ನಗರದ ಶ್ರೀಮಂತ ಸೇಠ್ ಲಕ್ಷ್ಮೀಚಂದ್ರ ಸಿತಾಬರಾಯರ ದಾನದಿಂದ, ಅಮರಾವತಿಯಲ್ಲಿದ್ದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ, ಧವಲದ ಮೊದಲ ಸಂಪುಟವು 1939ರಲ್ಲಿ ಪ್ರಕಟವಾಯಿತು. ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ ಜನಿಸಿದ ಡಾ. ಆ.ನೇ. ಉಪಾಧ್ಯೆಯವರೂ ಈ ಕಾರ್ಯದಲ್ಲಿ ಸಹಕರಿಸಿದರು. ಸಿದ್ಧಾಂತವನ್ನು ಅಚ್ಚು ಹಾಕಿ ಗೃಹಸ್ಥರ ಕೈಗೆ ಕೊಡುವುದು ಅವಿನಯವೆಂದು ಆಕ್ಷೇಪಿಸಿದವರು ಆಗ ಇದ್ದರು. ಆದರೆ ಸಂಪುಟಗಳನ್ನು ಕಂಡ ಮೇಲೆ ಅನೇಕರ ಸಂದೇಹ ಪರಿಹಾರವಾಯಿತು. ಮೂಡಬಿದಿರೆಯ ಭಟ್ಟಾರಕರೂ ಧರ್ಮಸ್ಥರೂ ಹಳೆಯ ನೋವನ್ನು ಮರೆತು, ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ಸಮ್ಮತಿಸಿದರು. ಆ ಔದಾರ್ಯವೂ ಶಾಸ್ತ್ರದಾನವೇ ಸರಿ.

ಅದರ ಪ್ರಯೋಜನವೆಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ "ಸಂಜದ" ಎಂಬ ಒಂದು ಪದವು ಹೊರಗಿನ ಪ್ರತಿಗಳಲ್ಲಿ ಬಿಟ್ಟುಹೋಗಿದ್ದಿತು. ಅಲ್ಲಿ ಆ ಪದವು ಇರಬೇಕೆಂದು ಸಂಪಾದಕರು ಊಹಿಸಿ ಸೂಚಿಸಿದ್ದರು. ಅದನ್ನು ಕುರಿತು ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆಯಿತು. ಕೊನೆಗೆ ಮೂಡಬಿದಿರೆಯ ತಾಡಪತ್ರವನ್ನು ತೆರೆದು ನೋಡಿದಾಗ ಪದವು ಅಲ್ಲಿಯೇ ಇದ್ದಿತು. ಚಂದ್ರಗುಹೆಯಲ್ಲಿ ಧರಸೇನರು ಒಡ್ಡಿದ ಪರೀಕ್ಷೆಯೇ ಶತಮಾನಗಳ ಬಳಿಕ ಮತ್ತೊಮ್ಮೆ ನಡೆದಂತಾಯಿತು. ಕಡಿಮೆಯಾದ ಅಕ್ಷರವನ್ನು ಅರ್ಥದ ಬಲದಿಂದ ಗುರುತಿಸಿದವರು ಇಂದಿನ ವಿದ್ವಾಂಸರು. ಅದನ್ನು ದೃಢಪಡಿಸಿದುದು ಪೂರ್ವಿಕರು ಕಾಪಾಡಿದ ಓಲೆ. ಓದುವವರಿಲ್ಲದಿದ್ದರೆ ಓಲೆ ಮೂಕವಾಗಿರುತ್ತಿತ್ತು. ಓಲೆಯಿಲ್ಲದಿದ್ದರೆ ಓದುವವರ ವಾದ ಮುಗಿಯುತ್ತಿರಲಿಲ್ಲ. ಹಿಂದಿನದಕ್ಕೂ ಇಂದಿನದಕ್ಕೂ ಇರುವ ಸಂಬಂಧವು ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿಯೂ ಕಾಣದು.

ಧವಲವು ಸುಮಾರು ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳಾಗಿ ಹೊರಬಂದಿತು. ಮಹಾಬಂಧದ ಮೊದಲ ಸಂಪುಟವನ್ನು ಭಾರತೀಯ ಜ್ಞಾನಪೀಠವು 1947ರಲ್ಲಿ ಪ್ರಕಟಿಸಿತು. ಅದು 7 ಸಂಪುಟಗಳಲ್ಲಿ ಪೂರ್ಣವಾಯಿತು. ಜಯಧವಲದ ಮುದ್ರಣವು ಮಥುರೆಯ ದಿಗಂಬರ ಜೈನ ಸಂಘದಿಂದ 1944ರಲ್ಲಿ ಆರಂಭವಾಗಿ 16 ಸಂಪುಟಗಳವರೆಗೆ ನಡೆಯಿತು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಲ್ಲಿ ಹುಟ್ಟಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮುನಿಮಹಾರಾಜರ ಪ್ರೇರಣೆಯಿಂದ ಈ ಸಿದ್ಧಾಂತವನ್ನು ತಾಮ್ರಪತ್ರಗಳಲ್ಲಿಯೂ ಕೆತ್ತಿಸಲಾಯಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ ಮೊದಲಾದೆಡೆಗಳ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದರು. ಅದು 1948ರಲ್ಲಿ ಅಚ್ಚಾಯಿತು. ಶ್ರವಣಬೆಳಗೊಳದ ಭಟ್ಟಾರಕರಾಗಿದ್ದು 2023ರಲ್ಲಿ ಸ್ವರ್ಗಸ್ಥರಾದ ಸ್ವಸ್ತಿಶ್ರೀ ಚಾರುಕೀರ್ತಿ ಸ್ವಾಮಿಗಳು ಈ ಸಿದ್ಧಾಂತ ಗ್ರಂಥಗಳ ಕನ್ನಡ ಅನುವಾದದ ಕಾರ್ಯಕ್ಕೆ ಚಾಲನೆಯಿತ್ತರು. ಕನ್ನಡ ಲಿಪಿಯಲ್ಲಿ ಉಳಿದು ಬಂದ ಗ್ರಂಥವು ಕನ್ನಡ ಭಾಷೆಗೂ ಬರತೊಡಗಿತು.

ನೂತನ ಬಸದಿಯ ಮುಂದಿರುವ ಕರ್ತವ್ಯ

ಈ ಚರಿತ್ರೆಯನ್ನು ಅವಲೋಕಿಸಿದರೆ ಒಂದು ವಿಷಯ ಮನವರಿಕೆಯಾಗುತ್ತದೆ. ಹಿಂದಿನದು ತಾನಾಗಿಯೇ ಇಂದಿನವರೆಗೆ ನಡೆದು ಬರುವುದಿಲ್ಲ. ಪ್ರತಿ ತಲೆಮಾರಿನಲ್ಲಿಯೂ ಯಾರಾದರೊಬ್ಬರು ಅದನ್ನು ಹೊತ್ತು ತರಬೇಕು. ಧರಸೇನರ ಆತಂಕ, ದೇಮಿಯಕ್ಕನ ನೋಂಪಿ, ಮೂಡಬಿದಿರೆಯ ಶ್ರಾವಕರ ಕಾವಲು, ಮಾಣಿಕಚಂದರ ಪ್ರಶ್ನೆ, ಶಾಸ್ತ್ರಿಗಳ ಬೆರಳಿನ ಶ್ರಮ, ಹೀರಾಲಾಲರ ವಿವೇಕ ಇವುಗಳಲ್ಲಿ ಯಾವುದೊಂದು ಕೊಂಡಿ ಕಳಚಿದ್ದರೂ ಸರಪಳಿಯು ತುಂಡಾಗುತ್ತಿತ್ತು. ಇವರಲ್ಲಿ ಯಾರೂ ಆ ಕಾಲ ಹೋಯಿತೆಂದು ಮರುಗುತ್ತ ಕುಳಿತವರಲ್ಲ. ಹೋಗುತ್ತಿರುವುದನ್ನು ಕಂಡು ಕೈಲಾದುದನ್ನು ಮಾಡಿದವರು.

ಪಂಚಕಲ್ಯಾಣದ ವಿಧಿಯೂ ಇದನ್ನೇ ಕಲಿಸುತ್ತದೆ. ಎಂದೋ ನಡೆದ ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಕಲ್ಯಾಣಗಳನ್ನು ಇಂದು ಮತ್ತೆ ಆಚರಿಸಿದ ಮೇಲೆಯೇ ಶಿಲೆಯು ಪೂಜ್ಯ ಬಿಂಬವಾಗುತ್ತದೆ. ಹಿಂದೆ ನಡೆದಿತ್ತೆಂದು ಹೇಳಿದರೆ ಸಾಲದು, ಇಂದು ನಡೆಯಬೇಕು. ಶಾಸ್ತ್ರದ ವಿಷಯದಲ್ಲಿಯೂ ಹಾಗೆಯೇ. ದೇವ, ಶಾಸ್ತ್ರ, ಗುರು ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಸ್ಮರಿಸುವ ನಾವು, ದೇವರಿಗೆ ಬಸದಿಯನ್ನೂ ಗುರುಗಳಿಗೆ ತ್ಯಾಗಿನಿವಾಸವನ್ನೂ ಕಟ್ಟಿ ಶಾಸ್ತ್ರಕ್ಕೆ ಒಂದು ಬೀರುವನ್ನು ಮಾತ್ರ ಕೊಟ್ಟರೆ ಋಣ ತೀರಿದಂತಾಗುವುದಿಲ್ಲ.

ನೂತನ ಬಸದಿಯಲ್ಲಿ ಶಾಸ್ತ್ರಭಂಡಾರವಿರಲಿ. ಅದಕ್ಕಿಂತ ಮುಖ್ಯವಾಗಿ ಅದರ ಬಾಗಿಲು ತೆರೆದಿರಲಿ. ವಾರಕ್ಕೊಂದು ದಿನವಾದರೂ ಸ್ವಾಧ್ಯಾಯ ನಡೆಯಲಿ. ಹಳೆಯ ಮನೆತನಗಳ ಅಟ್ಟದ ಮೇಲೆ ಬಟ್ಟೆಯಲ್ಲಿ ಕಟ್ಟಿಟ್ಟ ಓಲೆಗರಿಗಳಿದ್ದರೆ ಅವನ್ನು ನವರಾತ್ರಿಗೊಮ್ಮೆ ಪೂಜಿಸಿ ಮರಳಿ ಕಟ್ಟಿಡುವ ಬದಲು, ಬಲ್ಲವರಿಗೆ ತೋರಿಸಿ, ಛಾಯಾಪ್ರತಿ ಮಾಡಿಸಿ, ಸೂಚಿಯಲ್ಲಿ ಸೇರಿಸುವ ಏರ್ಪಾಡಾಗಲಿ. ಮಕ್ಕಳಲ್ಲಿ ಇಬ್ಬರು ಮೂವರಾದರೂ ಹಳೆಗನ್ನಡವನ್ನೂ ಪ್ರಾಕೃತವನ್ನೂ ಕಲಿಯುವಂತೆ ವಿದ್ಯಾರ್ಥಿವೇತನದ ನಿಧಿಯೊಂದು ಸ್ಥಾಪಿತವಾಗಲಿ. ನೂರು ನೂರು ರೂಪಾಯಿಗಳ ಪಾಲಿನಿಂದ ಏನಾಯಿತೆಂಬುದನ್ನು ಚರಿತ್ರೆಯು ತೋರಿಸಿಕೊಟ್ಟಿದೆ.

ಮುಂದೊಂದು ಕಾಲದಲ್ಲಿ ಪರಸ್ಥಳದ ಯಾತ್ರಿಕರೊಬ್ಬರು ಈ ಬಸದಿಗೆ ಬಂದು, ಭಂಡಾರವನ್ನು ಕಂಡು, "ಇವನ್ನು ಯಾರಾದರೂ ಓದುತ್ತಾರೆಯೇ?" ಎಂದು ಮತ್ತೆ ಕೇಳಬಹುದು. ಅಂದು ಇಲ್ಲಿಯ ಶ್ರಾವಕರು ಇನ್ನೊಂದು ಊರಿನ ಶಾಸ್ತ್ರಿಗಳ ಹೆಸರನ್ನು ಹೇಳದೆ, ಪಕ್ಕದಲ್ಲಿ ನಿಂತಿರುವ ತಮ್ಮ ಮಗಳನ್ನೋ ಮಗನನ್ನೋ ಮುಂದೆ ಕರೆಯುವಂತಾಗಲಿ.